ದನಿಯಿದ್ದ ಕರ್ನೆಲ್

ಜನ್ನಾಪುರದಲ್ಲಿ ಬಸ್ಸು ಹತ್ತಿದೊಡನೆ ಪ್ರಸನ್ನಕುಮಾರನಿಗೆ ಯಾರೋ ಹೆಂಗಸು ಎದ್ದು ಜಾಗ ಬಿಟ್ಟುಕೊಟ್ಟಳು. 'ಪಾಪ, ಕಣ್ಣು ಕಾಣಲ್ಲ, ಕೂತ್ಕೊಳ್ಲಿ' ಎಂದು ಪಕ್ಕದವಳಿಗೆ ಪಿಸುಗುಟ್ಟಿದ್ದು ಅವನಿಗೂ ಕೇಳಿಸಿತು. ಬೇರೆ ದಿನವಾಗಿದ್ದರೆ 'ನನ್ನ ಕಾಲು ಗಟ್ಟಿಯಾಗೇ ಇವೆ ಕಣಮ್ಮ' ಎಂದು ಶಿವಮೊಗ್ಗದ ತನಕ ನಿಂತೇ ಹೋಗುತ್ತಿದ್ದ. ಇವತ್ತು ಮಾತಿಲ್ಲದೆ ಕೂತ. ಮಡಿಲಲ್ಲಿ ಲ್ಯಾಪ್‌ಟಾಪಿನ ಚೀಲ. ಬೆಳಿಗ್ಗೆಯಿಂದ ಅದು ಮಾತು ಬಿಟ್ಟಿತ್ತು. ದಿನಾ ಗುಂಡಿ ಒತ್ತಿದರೆ ಮೊದಲು ಫ್ಯಾನಿನ ಉಸಿರು, ಆಮೇಲೆ ಅಂಗೈ ಕೆಳಗೆ ಸಣ್ಣ ಬಿಸುಪು, ಆಮೇಲೆ ಆ ದನಿ. ಏರಿಳಿತವಿಲ್ಲದ, ಎಲ್ಲೂ ಉಸಿರು ತೆಗೆದುಕೊಳ್ಳದ, ಪರದೆಯ ಮೇಲೆ ಏನಿದ್ದರೂ ಓದಿ ಹೇಳುವ ದನಿ. ಹೆಂಡತಿ ಜಯಶೀಲಾ ಅದಕ್ಕೆ ಹರಟೆಮಲ್ಲಿ ಎಂದು ಹೆಸರಿಟ್ಟಿದ್ದಳು. ಅದಿಲ್ಲದಿದ್ದರೆ ಕಂಪ್ಯೂಟರು ಅವನ ಪಾಲಿಗೆ ಒಂದು ಬೆಚ್ಚನೆಯ ಹಲಗೆ, ಅಷ್ಟೇ. ಇವತ್ತು ಫ್ಯಾನು ಉಸಿರಾಡಿತು, ಹಲಗೆ ಬೆಚ್ಚಗಾಯಿತು, ದನಿ ಬರಲಿಲ್ಲ. ಆರಿಸಿ ಹಚ್ಚಿದ. ಇಯರ್‌ಫೋನು ಸಿಕ್ಕಿಸಿ ನೋಡಿದ. ಅದರ ಬೆನ್ನಿಗೆ ಒಂದೆರಡು ಏಟೂ ಕೊಟ್ಟ. ಕೊನೆಗೆ ಆ ಏಟೆಲ್ಲ ಮಗಳ ಕಡೆ ತಿರುಗಿತು.

ಶಾಂಭವಿ ಕಾಲೇಜಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಳು. ಲ್ಯಾಪ್‌ಟಾಪಿನೊಳಗಿದ್ದ ವೈಫೈ ಕೆಟ್ಟು ಎಷ್ಟೋ ದಿನವಾಗಿತ್ತು. ಹಿಂದಿನ ಸಂಜೆ ಅವಳು ಬೆರಳುದ್ದದ ಒಂದು ಡಾಂಗಲ್ ತಂದು ಸಿಕ್ಕಿಸಿದ್ದಳು. ಅದು ನಡೆಯಬೇಕಾದರೆ ಯಂತ್ರವನ್ನು ಒಳಗಿಂದ ನಡೆಸುವ ಕರ್ನೆಲ್ ಎಂಬ ಪ್ರೋಗ್ರಾಮು ಹೊಸದು ಬೇಕಂತೆ ಎಂದಳು. ಹಾಕು ಎಂದವನು ಅವನೇ, ಪಾಸ್‌ವರ್ಡ್ ಒತ್ತಿದ್ದೂ ಅವನ ಬೆರಳೇ. ಆದರೂ ಬೆಳಿಗ್ಗೆ ಬಾಯಿಂದ ಬಂದದ್ದು, 'ನಿನ್ನ ಇಂಟರ್‌ನೆಟ್ಟಿಗೋಸ್ಕರ ನನ್ನ ನಾಲಿಗೆ ಕಿತ್ತಿಟ್ಯಲ್ಲೇ. ನಾನು ನಾಕು ಜನರ ಮುಂದೆ ಮೂಕನಾಗಿ ಕೂರ್ಲಿ ಅಂತ ತಾನೆ?' ಅವಳು ಏನಾದರೂ ಹೇಳಿದ್ದರೆ ಚೆನ್ನಾಗಿತ್ತು. ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು, ಗೇಟು ಕಿರ್ ಎಂದಿತು. ಒಳಗಿಂದ ಜಯಶೀಲಾ, 'ಆ ಮಗು ತಿಂಡೀನೂ ತಿನ್ಲಿಲ್ಲ' ಎಂದು ಯಾರಿಗೂ ಹೇಳದವಳ ಹಾಗೆ ಹೇಳಿದಳು.

ಬಸ್ಸು ಮಾಚೇನಹಳ್ಳಿ ದಾಟಿತೆಂದು ಕಿಟಕಿಯಿಂದ ಬಂದ ಕಾರ್ಖಾನೆಗಳ ಕಮಟು ಗಾಳಿ ಹೇಳಿತು. ಫೋನು ತೆಗೆದು ಒಂದು ಕಿವಿಗೆ ವೈರು ಸಿಕ್ಕಿಸಿದ. ಫೋನಿನ ದನಿ ಬೇರೆ, ಚುರುಕು ಹುಡುಗಿಯದು. ಹೊಸ ಕರ್ನೆಲ್ ಹಾಕಿದ ಮೇಲೆ ಸದ್ದು ಹೋಯಿತು ಎಂದು ಹುಡುಕಿದ. ಯಾವ ಊರಿನವರೋ, ಯಾವ ಭಾಷೆಯವರೋ, ಇದೇ ಸಂಕಟವನ್ನು ಬರೆದಿಟ್ಟಿದ್ದರು. ಒಂದಾದ ಮೇಲೊಂದು ಓದಿಸುತ್ತ ಹೋದವನು ಒಂದು ಸಾಲಿಗೆ ತಟ್ಟನೆ ನಿಂತ. ಮತ್ತೆ ಓದಿಸಿದ. ಇನ್ನೊಂದು ಸಲ ಓದಿಸಿದ. ಹೊಸ ಕರ್ನೆಲ್ ಬಂದಾಗ ಹಳೆಯದು ಅಳಿಸಿಹೋಗುವುದಿಲ್ಲ. ಎರಡೂ ಒಂದೇ ಯಂತ್ರದಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಯಂತ್ರ ಏಳುವಾಗ ಒಂದು ಮೆನು ಬರುತ್ತದೆ, ಅದರಲ್ಲಿ ಯಾವುದು ಬೇಕೋ ಆರಿಸಿಕೊಳ್ಳಬಹುದು.

ಚೀಲವನ್ನು ಅಪ್ಪಿಕೊಂಡ. ಹಾಗಾದರೆ ದನಿ ಸತ್ತಿಲ್ಲ. ಇದರೊಳಗೇ ಇದೆ, ಈ ಬಟ್ಟೆಯ ಕೆಳಗೆ, ಅಂಗೈಯಷ್ಟು ದೂರದಲ್ಲಿ, ಯಾರೋ ಕರೆಯಲೆಂದು ಕಾದು ಕೂತಿದೆ! ಈಗಲೇ ತೆಗೆದು ನೋಡಿಬಿಡೋಣ ಎಂದು ಬೆರಳು ಜಿಪ್ಪಿನವರೆಗೂ ಹೋದವು. ಬಸ್ಸು ರಸ್ತೆಯುಬ್ಬಿಗೆ ಎಗರಿತು, ಯಾರದೋ ಟಿಫಿನ್ ಡಬ್ಬಿ ಮೊಣಕಾಲಿಗೆ ಬಡಿಯಿತು. ಬೇಡ, ಇಲ್ಲಿ ಬೇಡ. ಆದರೆ ಸುಮ್ಮನಿರಲಿಕ್ಕೂ ಆಗಲೊಲ್ಲದು. ಪಕ್ಕದವರಿಗೆ ಹೇಳಬೇಕೆನಿಸಿತು. 'ಇವರೇ, ಇದ್ರಲ್ಲಿ ಎರಡು ಇವೆ, ಗೊತ್ತಾ?' ಎಂದು. ನಕ್ಕ. ಗಟ್ಟಿಯಾಗಿಯೇ ನಕ್ಕಿರಬೇಕು, ಪಕ್ಕದವರು ಸ್ವಲ್ಪ ಸರಿದು ಕೂತರು. ಅಷ್ಟರಲ್ಲಿ ಇನ್ನೊಂದು ನೆನಪು ಬಂದು ಆ ನಗುವಿನ ಕತ್ತು ಹಿಡಿಯಿತು. ನಿನ್ನೆ ಎಲ್ಲ ಮುಗಿದ ಮೇಲೆ ಶಾಂಭವಿ ಪರದೆ ನೋಡಿ ಕೇಳಿದ್ದಳು, 'ಅಪ್ಪ, ಬೇಡವಾಗಿರೋದನ್ನೆಲ್ಲ ತೆಗೆದುಹಾಕ್ಲಾ ಅಂತ ಕೇಳ್ತಿದೆ.' ಅವನ ಗಮನ ಅಡುಗೆಮನೆಯ ಒಗ್ಗರಣೆ ವಾಸನೆಯ ಮೇಲಿತ್ತು. 'ತೆಗಿ, ತೆಗಿ, ಕಸ ಯಾಕೆ' ಎಂದಿದ್ದ. ಬೇಡವಾಗಿರೋದು ಎಂದರೆ ಯಾವುದು? ಹಳೆಯ ಕರ್ನೆಲ್ಲೇ ಇದ್ದರೆ? ಮಗಳ ನಂಬರು ಒತ್ತಿದ. ರಿಂಗಾಗಿ ರಿಂಗಾಗಿ ನಿಂತಿತು. ತರಗತಿಯಲ್ಲಿರಬಹುದು. ಎತ್ತಬಾರದೆಂದೇ ಎತ್ತದಿರಬಹುದು. ಚಕ್ರದ ಕೆಳಗಿನ ರಸ್ತೆಯ ಸದ್ದು ಟೊಳ್ಳಾಯಿತು, ತುಂಗೆಯ ಸೇತುವೆ ಬಂತು. ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಇದೆ, ಇಲ್ಲ, ಇದೆ, ಇಲ್ಲ ಎನ್ನುತ್ತ ಬಸ್‌ಸ್ಟ್ಯಾಂಡು ಮುಟ್ಟಿದ.

ದುರ್ಗಿಗುಡಿಯ ಒಂದು ಮಹಡಿಯ ಮೇಲೆ, ಅವನು ಕಣ್ಣಿಲ್ಲದವರಿಗೆ ಕಂಪ್ಯೂಟರ್ ಕಲಿಸುತ್ತಿದ್ದ ಕೇಂದ್ರ ಶುರುವಾಗಿ ಇನ್ನೂ ಒಂದು ವಾರ. ಅದನ್ನು ನಡೆಸುವ ಟ್ರಸ್ಟಿನವರ ಕಂಪ್ಯೂಟರುಗಳು ಬರುವ ತನಕ ಪ್ರಸನ್ನಕುಮಾರನ ಲ್ಯಾಪ್‌ಟಾಪೇ ಗತಿ. ಟ್ರಸ್ಟಿನ ಕಾರ್ಯದರ್ಶಿ ಕೃಷ್ಣಪ್ಪನವರು ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ಅವನಿಗೆ ಅವರನ್ನು ಕಂಡರೆ ಭಯ. ಅವರು ಭುಜ ಹಿಡಿದು ಕುರ್ಚಿಯ ತನಕ ನಡೆಸುತ್ತಿದ್ದರು, ಕಾಫಿ ಲೋಟವನ್ನು ಬೆರಳಿಗೇ ತಂದಿಡುತ್ತಿದ್ದರು, ಅವನ ಬಗ್ಗೆ ಅವನ ಎದುರಿಗೇ ಮೂರನೆಯವರ ಹಾಗೆ ಮಾತಾಡುತ್ತಿದ್ದರು. 'ಮೇಷ್ಟ್ರಿಗೆ ಕಷ್ಟ ಆಗ್ಬಾರ್ದು' ಎಂದು ಎದುರುಬದಿಯ ಕಂಪ್ಯೂಟರ್ ಅಂಗಡಿಯ ಪುನೀತನನ್ನು ಇವತ್ತು ಕರೆಸಿ ಕೂರಿಸಿದ್ದರು. ಪುನೀತನಿಗೆ ಕಣ್ಣಿತ್ತು, ಮನೆ ಹತ್ತಿರವಿತ್ತು. ಇವತ್ತಿನ ಪಾಠ ನೋಡಿ ಮುಂದಿನದು ಯೋಚಿಸೋಣ ಎಂದು ಕೃಷ್ಣಪ್ಪ ಫೋನಿನಲ್ಲಿ ಹೇಳಿದ್ದರು. ಆ ಮುಂದಿನದು ಏನೆಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಕಲಿಯುವವರು ಐದಾರು ಜನ ಬಂದು ಕೂತಿದ್ದರು. ಕುರ್ಚಿ ಕಿರುಗುಟ್ಟುವ ಸದ್ದಿನಲ್ಲೇ ಅವರವರ ಜಾಗ ಅವನಿಗೆ ಗೊತ್ತಿತ್ತು. ಬಾಗಿಲ ಪಕ್ಕ ಶಕುಂತಲಮ್ಮ. ಓಲ್ಡ್ ಟೌನಿನಿಂದ ಮಗ ಸ್ಕೂಟರಿನಲ್ಲಿ ಕರೆತಂದು ಬಿಟ್ಟು ಹೋಗುತ್ತಿದ್ದ ಈ ಅರವತ್ತರ ಹೆಂಗಸು ಒಂದು ವಾರದಿಂದ ಒಂದೂ ಮಾತಾಡಿರಲಿಲ್ಲ.

ಪ್ರಸನ್ನಕುಮಾರ ಲ್ಯಾಪ್‌ಟಾಪ್ ತೆರೆದ. ಸಂಗತಿ ಹೇಳಿಬಿಡೋಣ ಎನಿಸಿತು, ಹೇಳಲಿಲ್ಲ. ಮೊದಲು ದನಿ ಬರಲಿ, ಆಮೇಲೆ ನಗುತ್ತ ಹೇಳಬಹುದು. ಫೋನು ಓದಿದ್ದು ತಲೆಯಲ್ಲಿತ್ತು. ಶಿಫ್ಟ್ ಕೀಲಿ ಅದುಮಿ ಹಿಡಿದರೆ ಮೆನು. ಒಂದು ಸಾಲು ಕೆಳಗಿಳಿದು ಎಂಟರ್ ಹೊಡೆದರೆ ಒಳಗಿನ ಮೆನು. ಅಲ್ಲಿ ಮೇಲಿನದು ಹೊಸದು, ಅದರ ಕೆಳಗಿನದು ಹಳೆಯದು. ಪಟಾಕಿಗೆ ಬೆಂಕಿ ಹಚ್ಚುವ ಹುಡುಗನ ಹಾಗೆ ಕೀಲಿಗಳ ಮೇಲೆ ಬಗ್ಗಿದ. ಇಳಿದ, ಎಂಟರ್, ಇಳಿದ, ಎಂಟರ್. ಕೈ ಎತ್ತಿ ಕಾದ.

ಫ್ಯಾನು ಜೋರಾಯಿತು. ಏನೂ ಬರಲಿಲ್ಲ.

'ಸಾರ್,' ಪುನೀತ ಬಗ್ಗಿ ನೋಡಿದ್ದು ಅವನ ಉಸಿರಿನಿಂದ ತಿಳಿಯಿತು. 'ಕಪ್ಪು ಸ್ಕ್ರೀನ್ ಮೇಲೆ ಬಿಳೀ ಅಕ್ಷರ ಓಡ್ತಿವೆ. ರಿಕವರಿ ಅಂತ ಏನೋ ಬಂದಿದೆ. ಎಲ್ಲೋ ಬೇರೆ ಕಡೆ ಹೋಗ್ಬಿಟ್ಟಿದೆ.'

ಕೋಣೆ ಸುಮ್ಮನಾಯಿತು. ಆ ಮೌನ ಅವನಿಗೆ ಹಳೆಯ ಪರಿಚಯದ್ದು. ಕಣ್ಣು ಮಂಜಾಗುತ್ತಿದ್ದ ಕಾಲಕ್ಕೆ ಅವನು ಪಾಠ ಮಾಡುತ್ತಿದ್ದ ಓಲ್ಡ್ ಟೌನಿನ ಹೈಸ್ಕೂಲು, ಎಂಟನೇ ತರಗತಿ, ಬೆನ್ನ ಹಿಂದೆ ಮಕ್ಕಳು. ಬೋರ್ಡಿನ ಮೇಲೆ ಸಮೀಕರಣ ಬರೆಯುತ್ತಿದ್ದಾನೆ, ಸೀಮೆಸುಣ್ಣ ಸರಾಗವಾಗಿ ಓಡುತ್ತಿದೆ, ಇಷ್ಟು ಚಂದ ಪಾಠ ತಾನು ಎಂದೂ ಮಾಡಿಲ್ಲ ಎನಿಸುತ್ತಿದೆ. ತಿರುಗಿ 'ಅರ್ಥ ಆಯ್ತೇನ್ರೋ' ಎಂದರೆ ಉಸಿರಿಲ್ಲ. ನಗಲೂ ಇಲ್ಲ ಆ ಮಕ್ಕಳು. ಕೊನೆಗೆ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಬಂದು ಮೆಲ್ಲಗೆ, 'ಸಾರ್, ಮೊದಲಿನ ಪಿರಿಯಡ್ಡಿಂದು ಅಳಿಸಿಲ್ಲ, ಅದ್ರ ಮೇಲೇ ಬರ್ದಿದೀರ' ಎಂದಳು. ಅವಳ ದನಿಯಲ್ಲಿದ್ದ ಕನಿಕರ! ನಕ್ಕಿದ್ದರೆ ಇನ್ನೊಂದು ವರ್ಷ ಆ ಶಾಲೆಯಲ್ಲಿ ಇರುತ್ತಿದ್ದನೇನೋ. ಈಗಲೂ ಅದೇ ಕನಿಕರ ಗೋಡೆಗೋಡೆಯಿಂದ ಇಳಿದು ಬಂದು ಅವನ ಹೆಗಲ ಮೇಲೆ ಕೂರುತ್ತಿತ್ತು. ಹೆಗಲ ಮೇಲಿದ್ದದ್ದು ಕೃಷ್ಣಪ್ಪನವರ ಕೈ.

'ಇರ್ಲಿ ಬಿಡಿ ಮೇಷ್ಟ್ರೇ. ಇವತ್ತು ಪುನೀತ ಹೇಳ್ಕೊಡ್ತಾನೆ. ನೀವು ಪಕ್ಕದಲ್ಲಿ ಕೂತಿರಿ.'

'ಇದನ್ನ ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕೋದೇ ಒಳ್ಳೇದು ಸಾರ್,' ಎಂದ ಪುನೀತ. 'ಪೆನ್‌ಡ್ರೈವ್ ಅಂಗಡೀಲಿದೆ. ಓಡ್ಹೋಗಿ ತರ್ತೀನಿ.'

'ಹಳೇದು ಒಳಗೇ ಇದೆ,' ಎಂದ ಪ್ರಸನ್ನಕುಮಾರ. ದನಿ ಅಂದುಕೊಂಡದ್ದಕ್ಕಿಂತ ಜೋರಾಯಿತು. 'ಫಾರ್ಮ್ಯಾಟ್ ಮಾಡಿದ್ರೆ ಅದೂ ಹೋಗುತ್ತೆ. ಸ್ವಲ್ಪ ತಡೀರಿ.'

'ತಡೀತೀವಿ ಮಾರಾಯ, ಅದಕ್ಕೇನು' ಎಂದರು ಕೃಷ್ಣಪ್ಪ, ಮಗುವಿಗೆ ಹೇಳುವ ಹಾಗೆ. ಪುನೀತ ಮೆಟ್ಟಿಲಿಳಿದ. ಫೋನು ಬಂದು ಕೃಷ್ಣಪ್ಪನವರೂ ವರಾಂಡಕ್ಕೆ ನಡೆದರು.

ಅವನು ಮತ್ತೆ ಗುಂಡಿಗೆ ಕೈ ಹಾಕಿದ. ಎಲ್ಲಿ ತಪ್ಪಿತು? ಮೆನು ಬರುವ ಮೊದಲೇ ಒತ್ತಿದೆನೇ? ಅಥವಾ ಹಳೆಯದು ಇಲ್ಲವೇ ಇಲ್ಲವೇ, 'ಕಸ ಯಾಕೆ' ಎಂದು ತಾನೇ ಗುಡಿಸಿಹಾಕಿಸಿದೆನೇ? ಒಂದು ಜೊತೆ ಕಣ್ಣು ಒಂದು ಗಳಿಗೆ ಸಿಕ್ಕಿದ್ದರೆ ಸಾಕಿತ್ತು. ಪುನೀತನನ್ನು ಕೇಳಬಹುದಿತ್ತು, ಅವನೇನು ಇಲ್ಲವೆನ್ನುತ್ತಿರಲಿಲ್ಲ. ಕೇಳಲು ನಾಲಿಗೆ ಏಳಲಿಲ್ಲ, ಅಷ್ಟೆ. ಈ ಹಾಳು ಸೊಕ್ಕು, ಬೆಳಿಗ್ಗೆ ಮಗಳ ಮೇಲೆ ಎಗರಿದ್ದೂ ಇದೇ.

ಬಾಗಿಲ ಪಕ್ಕದ ಕುರ್ಚಿ ಸರಿಯಿತು.

'ಮೇಷ್ಟ್ರೇ, ನಾನೊಂದ್ಸಲ ನೋಡ್ಲಾ?' ಶಕುಂತಲಮ್ಮ. 'ನಂಗಿನ್ನೂ ಪೂರ್ತಿ ಹೋಗಿಲ್ಲ. ಬಾಗಿಲ ಸಂದಿಯಿಂದ ನೋಡ್ದಂಗೆ ಚೂರು ಕಾಣುತ್ತೆ. ಎಸ್ಸೆಸ್ಸೆಲ್ಸಿ ಓದಿದೀನಿ, ಇಂಗ್ಲಿಷ್ ಅಕ್ಷರ ಕೂಡಿಸ್ಕೊಂಡು ಹೇಳ್ತೀನಿ.' ಆಮೇಲೆ ದನಿ ತಗ್ಗಿಸಿ, 'ಮನೇಲಿ ಏನೂ ಕಾಣಲ್ಲ ಅಂದ್ಕೊಂಡಿದಾರೆ. ಪೇಪರ್ ಹತ್ರ ಹಿಡಿದ್ರೆ ಸಾಕು, ಕಣ್ಣಿಗೆ ಯಾಕೆ ಆಯಾಸ ಅಂತ ಕಿತ್ಕೋತಾರೆ. ಅದಕ್ಕೇ ನಾನೂ ಕಾಣುತ್ತೆ ಅಂತ ಹೇಳೋದು ಬಿಟ್ಟೆ.'

'ಬನ್ನಿ ಅಮ್ಮ,' ಎಂದ. ಇಷ್ಟು ಸಲೀಸಾಗಿ ತನ್ನ ಬಾಯಿಂದ ಆ ಮಾತು ಬಂದದ್ದು ಅವನಿಗೇ ಸೋಜಿಗವಾಯಿತು.

ಅವರು ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದರು. ತಲೆಯ ಕೊಬ್ಬರಿ ಎಣ್ಣೆ, ಮುಡಿದ ಕಾಕಡ ಹೂವಿನ ಘಮ. ಅವನು ಶಿಫ್ಟ್ ಹಿಡಿದು ಯಂತ್ರ ಎಬ್ಬಿಸಿದ. ಮಿಕ್ಕವರೂ ಕುರ್ಚಿ ಎಳೆದುಕೊಂಡು ಸುತ್ತ ನೆರೆದರು.

'ಬಂತು. ಎರಡನೇ ಸಾಲು... ಎ, ಡಿ, ವಿ... ಅಡ್ವಾನ್ಸ್ಡ್.'

'ಅದೇ! ಅದಕ್ಕೇ ಹೋಗ್ತಿದೀನಿ. ಈಗ?'

'ಈಗ ಬೇರೆ ಪಟ್ಟಿ. ತಡೀರಿ, ಅವಸರ ಮಾಡ್ಬೇಡಿ, ಕಣ್ಣು ಆ ಕಡೆಯಿಂದ ಈ ಕಡೆಗೆ ಜಾರ್ಸಬೇಕು ನಾನು.' ಅವರ ಉಸಿರು ಪರದೆಗೆ ತಾಗಿ ತಿರುಗುವುದು ಕೇಳುತ್ತಿತ್ತು. 'ಮೇಲಿನದ್ರಲ್ಲಿ ಆರು ಚುಕ್ಕೆ ಎಂಟು. ಕೆಳಗೂ ಆರು ಚುಕ್ಕೆ ಎಂಟೇ.'

ಅದು ಹೊಸ ಕರ್ನೆಲ್ಲಿನ ಅಂಕಿ. ಎರಡೂ ಹೊಸದೇ. ಹಾಗಾದರೆ ಹಳೆಯದು ಹೋಯಿತು.

'ಆದ್ರೆ ಇದರ ಕೊನೇಲಿ ಬಾಲ ಇದೆ. ಆರ್, ಇ, ಸಿ, ಓ... ರಿಕವರಿ.'

'ರಿಕವರೀನಾ?' ಅವನು ಹಣೆ ಚಚ್ಚಿಕೊಂಡ. 'ಅಯ್ಯೋ, ಒಂದೊಂದು ಕರ್ನೆಲ್ಲಿಗೂ ಎರಡೆರಡು ಸಾಲು ಇದೆ! ಕೆಟ್ಟರೆ ರಿಪೇರಿ ಮಾಡೋಕೆ ಅಂತ ಒಂದು. ನಾನು ಆ ರಿಪೇರಿ ಸಾಲಿಗೆ ಹೋಗಿ ಬಿದ್ದಿದ್ದೆ. ಅದರ ಕೆಳಗೆ? ಕೆಳಗೇನಾದ್ರೂ ಇದೆಯಾ ಅಮ್ಮ?'

ವರಾಂಡದಲ್ಲಿ ಕೃಷ್ಣಪ್ಪ ಫೋನಿನಲ್ಲಿ ಯಾರಿಗೋ ಅಡಿಕೆ ರೇಟು ಕೇಳುತ್ತಿದ್ದರು.

'ಇದೆ,' ಎಂದರು ಶಕುಂತಲಮ್ಮ. 'ಆರು ಚುಕ್ಕೆ... ಐದು. ಐದು ಮೇಷ್ಟ್ರೇ! ಬಾಲ ಇಲ್ಲ!'

ಅವನು ಇಳಿದು ಎಂಟರ್ ಹೊಡೆದ. ಫ್ಯಾನು. ಬಿಸುಪು. ಕೆಳಗೆ ರಸ್ತೆಯಲ್ಲಿ ಆಟೋದ ಹಾರ್ನು. ಆಮೇಲೆ ಆ ದನಿ, ಏರಿಳಿತವಿಲ್ಲದ್ದು, ಉಸಿರಿಲ್ಲದ್ದು, ಲೋಕದಲ್ಲಿ ಏನೂ ಆಗಿಯೇ ಇಲ್ಲವೆಂಬಂತೆ 'ಸ್ವಾಗತ' ಎಂದಿತು. ಅವನು ಕೂಗಿದನೋ, ಬೇರೆಯವರು ಕೂಗಿದರೋ, ಒಟ್ಟಿನಲ್ಲಿ ಕೋಣೆ ಕೂಗಿತು. ಯಾರೋ ಮೇಜು ಬಡಿದರು. ಶಕುಂತಲಮ್ಮ ಅವನ ಕೈ ಹಿಡಿದು ಜಗ್ಗುತ್ತ, 'ನಾನು ಓದಿದ್ದು! ನಾನು ಓದಿದ್ದು!' ಎನ್ನುತ್ತಿದ್ದರು.

'ಈ ಕರ್ನಲ್ ಅಂದ್ರೆ ಯಾರು ಮೇಷ್ಟ್ರೇ, ಮಿಲಿಟ್ರಿಯವರಾ?' ಎಂದು ಇನ್ನೊಬ್ಬರು ಕೇಳಿದರು. ನಗು ನಿಲ್ಲಿಸಿ ಹೇಳಿಕೊಡಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಯಂತ್ರದ ಅಂಗಾಂಗಗಳಿಗೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಮಾತು ಮುಟ್ಟಿಸುವುದೇ ಕರ್ನೆಲ್. ಹೊಸದಕ್ಕೆ ಈ ಲ್ಯಾಪ್‌ಟಾಪಿನ ಮುದಿ ಸ್ಪೀಕರು ಗುರುತು ಹತ್ತಲಿಲ್ಲ. ಹಳೆಯದಕ್ಕೆ ಈ ಕಾಲದ ವೈಫೈ ಡಾಂಗಲಿನ ಗುರುತು ಹತ್ತುವುದಿಲ್ಲ. ಇಬ್ಬರೂ ಒಟ್ಟಿಗೆ ಕೆಲಸ ಮಾಡಲಾರರು, ಆದರೆ ಇಬ್ಬರೂ ಮನೆಯಲ್ಲಿ ಇರಬಹುದು. ಏಳುವ ಹೊತ್ತಿಗೆ ಯಾರನ್ನು ಕರೆಯುತ್ತೀರೋ ಅವರು ಏಳುತ್ತಾರೆ. ಹೇಳುತ್ತ ಹೇಳುತ್ತ ಅವನಿಗೆ ತಾನು ಪಾಠ ಮಾಡುತ್ತಿದ್ದೇನೆಂಬುದು ಹೊಳೆಯಿತು. ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ ಇದ್ದಂತೆ ಎನಿಸಿತು.

ಫೋನು ಕುಣಿಯಿತು. ಶಾಂಭವಿ. ಅವಸರದಲ್ಲಿ ಸ್ಪೀಕರಿಗೆ ಕೈ ತಾಗಿ ಅವಳ ದನಿ ಕೋಣೆಗೆಲ್ಲ ಕೇಳಿಸಿತು. 'ಏನಪ್ಪ, ಫೋನ್ ಮಾಡಿದ್ರಲ್ಲ.' ಒಣ ದನಿ.

'ಬಂತು ಕಣೇ! ಮಾತು ಬಂತು! ಹಳೇ ಕರ್ನೆಲ್ ಇದ್ರಲ್ಲೇ ಇತ್ತು.'

'ಇರುತ್ತೆ. ನಿನ್ನೆ ನೀವು ತೆಗಿ ತೆಗಿ ಅಂದ್ರಿ. ನನಗೆ ಯಾಕೋ ಬೇಡ ಅನ್ನಿಸ್ತು. ನೋ ಅಂತ ಎನ್ ಒತ್ತಿದೆ.'

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದಾರೆ, ಸ್ಪೀಕರು ಆರಿಸಬಹುದಿತ್ತು. ಬೆರಳು ಅದರ ಮೇಲೇ ಇತ್ತು. ಆರಿಸಲಿಲ್ಲ.

'ಶಾಂಭವೀ, ಬೆಳಿಗ್ಗೆ ನಾನು ಅಂದದ್ದು ತಪ್ಪು. ಪಾಸ್‌ವರ್ಡ್ ಹೊಡೆದೋನು ನಾನು. ಬೈದಿದ್ದು ನಿನ್ನ.'

ಅತ್ತ ಕಡೆ ಕಾರಿಡಾರಿನ ಗಲಾಟೆ, ಯಾರೋ ನಗುವುದು. 'ಬಸ್ಸಲ್ಲಿ ಅತ್ಬಿಟ್ಟೆ,' ಎಂದಳು. ಸ್ವಲ್ಪ ತಡೆದು, 'ಮಸಾಲೆ ದೋಸೇನೂ ತಿಂದೆ. ಅಮ್ಮಂಗೆ ಹೇಳ್ಬೇಡಿ,' ಎಂದಳು. ಆಮೇಲೆ, 'ಹಂಗಾದ್ರೆ ನನ್ನ ಡಾಂಗಲ್ ಗತಿ?'

'ಎರಡೂ ಇರ್ತಾವೆ ಮಾರಾಯ್ತಿ. ನೀನು ಕೂತಾಗ ಹೊಸದು, ನಾನು ಕೂತಾಗ ಹಳೇದು.'

ಪುನೀತ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಬರುವಾಗ ಪ್ರಸನ್ನಕುಮಾರ ದನಿಯ ಬೆನ್ನು ಹಿಡಿದು ಆ ಮೆನುವಿನ ಕಡತ ತಿದ್ದುತ್ತಿದ್ದ. ಫೋನು ಇನ್ನೊಂದು ಸಂಗತಿಯನ್ನೂ ಓದಿ ಹೇಳಿತ್ತು. ಮೆನು ತೆರೆದ ಗಳಿಗೆಗೆ ಪೀಂ ಎಂದು ಸದ್ದು ಮಾಡುವಂತೆ ಯಂತ್ರಕ್ಕೆ ಹೇಳಿಡಬಹುದು. ಈ ಸದ್ದು ಕರ್ನೆಲ್ ಏಳುವುದಕ್ಕೂ ಮೊದಲಿನದು, ಹೊಸದು ಹಳೆಯದೆಂಬ ತಕರಾರು ಅದಕ್ಕಿಲ್ಲ. ಪುನೀತ ಅವನ ಹಿಂದೆ ನಿಂತು ನೋಡಿದ. 'ಸಾರ್, ಮೆನು ಪ್ರತಿ ಸಲ ತಾನಾಗೇ ಕಾಣೋ ಹಾಗೆ ಮಾಡಿ, ಶಿಫ್ಟ್ ಹಿಡಿಯೋ ರಗಳೆ ಬೇಡ. ಕಾಯೋ ಟೈಮೂ ಜಾಸ್ತಿ ಮಾಡಿ. ಇಲ್ದಿದ್ರೆ ನೀವು ಒತ್ತೋಕ್ಮುಂಚೆ ತಾನೇ ಹೊಸದಕ್ಕೆ ಹೋಗ್ಬಿಡುತ್ತೆ,' ಎಂದ.

'ಅದು ನಂಗೆ ಹೊಳೆದಿರ್ಲಿಲ್ಲ ಪುನೀತ್. ಯಾವ ಸಾಲು?'

'ನಿಮ್ಮ ಕರ್ಸರಿಂದ ಕೆಳಗೆ. ಹಾಂ, ಅದೇ.'

ಒಬ್ಬ ಹೇಳಿದ, ಒಬ್ಬ ಒತ್ತಿದ. ಕೃಷ್ಣಪ್ಪನವರು ಬಂದು ನಿಂತದ್ದು ಯಾರ ಗಮನಕ್ಕೂ ಬರಲಿಲ್ಲ. ಪ್ರಸನ್ನಕುಮಾರ ಯಂತ್ರ ಆರಿಸಿ ಹಚ್ಚಿದ. ಪೀಂ! ಸಣ್ಣದು, ಚೂಪಾದದ್ದು. ಇಷ್ಟು ದಿನ ಗೋಡೆಯಾಗಿದ್ದ ಕಡೆ ಬಾಗಿಲಿದೆ ಎಂದಂತೆ. ಅವನ ಬೆರಳು ತಾವಾಗಿ ಇಳಿದವು, ಒಳಹೋದವು, ಮತ್ತೆ ಇಳಿದವು. ದನಿ ಎದ್ದು ಕೂತಿತು. ಯಾರ ಕಣ್ಣನ್ನೂ ಕೇಳಿರಲಿಲ್ಲ.

'ನೋಡಪ್ಪ ಪುನೀತ,' ಎಂದು ಕೃಷ್ಣಪ್ಪ ಗಂಟಲು ಸರಿ ಮಾಡಿಕೊಂಡರು, 'ಆ ಪೆನ್‌ಡ್ರೈವ್ ಜೇಬಲ್ಲೇ ಇರ್ಲಿ. ಮೇಷ್ಟ್ರೇ, ನೀವು ಮುಂದುವರೀರಿ.' ಅವರ ಕೈ ಈ ಸಲ ಅವನ ಭುಜಕ್ಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಅವರೂ ಕೂತರು.

'ನಾನೊಂದ್ಸಲ,' ಎಂದರು ಶಕುಂತಲಮ್ಮ.

'ನಿಮಗೆ ಕಾಣುತ್ತಲ್ಲಮ್ಮ,' ಎಂದು ಯಾರೋ ನಕ್ಕರು.

'ಕಾಣದೆ ಇರೋ ದಿನಕ್ಕೆ ಅಂತ.' ಸೆರಗು ಸರಿದ ಸದ್ದು. ಅದನ್ನೇ ಕಣ್ಣಿಗೆ ಕಟ್ಟಿಕೊಂಡರು ಎಂದು ಪುನೀತ ಪಿಸುಗುಟ್ಟಿದ. ಪ್ರಸನ್ನಕುಮಾರ ಎದ್ದು ತನ್ನ ಜಾಗ ಬಿಟ್ಟುಕೊಟ್ಟ, ಬಾಣದ ಕೀಲಿಗಳ ಮೇಲೆ ಅವರ ಬೆರಳಿಟ್ಟು ಕೈ ಹಿಂದೆಗೆದುಕೊಂಡ. ಪೀಂ ಎಂದಿತು. ಅವರು ಇಳಿದರು, ಎಂಟರ್ ಹೊಡೆದರು, ನಿಂತು ಯೋಚಿಸಿದರು, ಮತ್ತೆ ಎಂಟರ್ ಹೊಡೆದರು. ಎಲ್ಲರೂ ಕಾದರು. ಫ್ಯಾನು ಜೋರಾಗಿ, ಆಮೇಲೆ ಸಮಾಧಾನವಾಯಿತು. ದನಿ ಬರಲಿಲ್ಲ. ಕೃಷ್ಣಪ್ಪನವರ ಕುರ್ಚಿ ಕಿರುಗುಟ್ಟಿತು. ಪುನೀತ 'ಅಮ್ಮಾ, ಅದು...' ಎಂದು ಬಗ್ಗಿದ. ಪ್ರಸನ್ನಕುಮಾರ ಅಂದಾಜಿನಲ್ಲಿ ಕೈ ಚಾಚಿ ಅವನ ಮಣಿಕಟ್ಟು ಹಿಡಿದ.

'ಹೇಳ್ಬೇಡಿ, ಯಾರೂ ಹೇಳ್ಬೇಡಿ,' ಎಂದರು ಶಕುಂತಲಮ್ಮ. ಕಿವಿಯನ್ನು ಯಂತ್ರದ ಹತ್ತಿರ ತಂದು ಆಲಿಸಿದರು. ಆಮೇಲೆ ಅವರ ಗಂಟಲಿಂದ ಸಣ್ಣಗೆ ಶುರುವಾದ ನಗು ದೊಡ್ಡದಾಗುತ್ತ ಬಂತು. 'ಮಾತಾಡ್ತಿಲ್ಲ ಅಂದ್ರೆ ಇದು ಹೊಸದು. ಅಲ್ವಾ? ನಾನು ಮೇಲಿನ ಸಾಲಲ್ಲೇ ನಿಂತ್ಬಿಟ್ಟಿದೀನಿ. ಕೆಳಗೆ ಇಳೀಲೇ ಇಲ್ಲ!'

ಕಣ್ಣಿಗೆ ಕಟ್ಟಿದ ಸೆರಗು ಬಿಚ್ಚದೆಯೇ ಅವರ ಕೈ ಮೇಜಿನ ಮೇಲೆ ತಡವುತ್ತ ಯಂತ್ರ ಆರಿಸಿ ಹಚ್ಚುವ ಗುಂಡಿಯನ್ನು ಹುಡುಕತೊಡಗಿತು.